ಓದುಗರ ಪ್ರಶ್ನೆ: ಕೌಂಟಿಯ ಬಣ್ಣ ಒಂದು, ಒಲವು ಇನ್ನೊಂದು

ಪ್ರಶ್ನೆ: ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಮಾರಿಕೋಪಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು). ಅಧ್ಯಕ್ಷೀಯ ಚುನಾವಣೆಯಲ್ಲಿ 2016ರಲ್ಲಿ ಇಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಗೆದ್ದರು, 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಬೈಡನ್, 2024ರಲ್ಲಿ ಮತ್ತೆ ಟ್ರಂಪ್. ಇಲ್ಲಿನ ಮತದಾರರು ಇಷ್ಟು ಚಂಚಲರೇ?

ಉತ್ತರ: ಅಷ್ಟೇನಿಲ್ಲ. ಕೌಂಟಿಯ ಸ್ವಂತ ಒಲವು ತಿಳಿಯಬೇಕಾದರೆ ಆ ವರ್ಷ ದೇಶದಲ್ಲೆಲ್ಲ ಬೀಸಿದ ಅಲೆಯನ್ನು ಲೆಕ್ಕದಿಂದ ತೆಗೆಯಬೇಕು. ಕೌಂಟಿಯಲ್ಲಿ ಎರಡು ಪಕ್ಷಗಳ ಶೇಕಡಾವಾರು ಮತಗಳ ಅಂತರವನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಅದೇ ಚುನಾವಣೆಯ ರಾಷ್ಟ್ರಮಟ್ಟದ ಅಂತರವನ್ನು ಬರೆಯಿರಿ. ಎರಡೂ ಕಡೆ ಒಂದೇ ಪಕ್ಷ ಮುಂದಿದ್ದರೆ ಕಳೆಯಿರಿ, ಬೇರೆ ಬೇರೆ ಪಕ್ಷ ಮುಂದಿದ್ದರೆ ಕೂಡಿಸಿ.

2016ರಲ್ಲಿ ಮಾರಿಕೋಪಾದಲ್ಲಿ ಟ್ರಂಪ್ 2.8 ಅಂಕ (ಅಂದರೆ ಶೇಕಡಾವಾರು ಮತಗಳ ಅಂತರ) ಮುಂದಿದ್ದರು, ದೇಶದ ಒಟ್ಟು ಮತಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ 2.1 ಅಂಕ ಮುಂದಿದ್ದರು. ಕೂಡಿಸಿದರೆ ರಿಪಬ್ಲಿಕನ್ ಒಲವು 4.9. 2020ರಲ್ಲಿ ಬೈಡನ್ ಇಲ್ಲಿ 45,109 ಮತಗಳಿಂದ, ಅಂದರೆ 2.2 ಅಂಕಗಳಿಂದ ಗೆದ್ದರು. ದೇಶದಲ್ಲಿ ಅವರ ಮುನ್ನಡೆ 4.5. ಹೀಗಾಗಿ ನಕ್ಷೆಯಲ್ಲಿ ನೀಲಿಯಾದ (ಡೆಮಾಕ್ರಟಿಕ್ ಬಣ್ಣ ನೀಲಿ, ರಿಪಬ್ಲಿಕನ್ ಬಣ್ಣ ಕೆಂಪು) ವರ್ಷವೂ ನಿಮ್ಮ ಕೌಂಟಿ ದೇಶಕ್ಕಿಂತ 2.3 ಅಂಕ ರಿಪಬ್ಲಿಕನ್ ಕಡೆಗೇ ವಾಲಿತ್ತು. 2024ರಲ್ಲಿ ಟ್ರಂಪ್ ಇಲ್ಲಿ ಸುಮಾರು 3.5 ಅಂಕಗಳಿಂದ ಗೆದ್ದರು, ದೇಶದಲ್ಲಿ 1.5 ಅಂಕಗಳಿಂದ. ಒಲವು ಸುಮಾರು 2. ನಿಜವಾದ ಪಲ್ಲಟ ಆದದ್ದು 2016 ಮತ್ತು 2020ರ ನಡುವೆ, ಒಲವು ಐದರಿಂದ ಎರಡಕ್ಕೆ ಇಳಿದಾಗ. 1948ರ ಟ್ರೂಮನ್ ನಂತರ ಇಲ್ಲಿ ಗೆದ್ದ ಮೊದಲ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿ ಬೈಡನ್. 2024ರಲ್ಲಿ ಬಣ್ಣ ಮರಳಿತೇ ಹೊರತು ಹಳೆಯ ಒಲವು ಮರಳಲಿಲ್ಲ.

ಈ ಲೆಕ್ಕಕ್ಕೆ ಅಧ್ಯಕ್ಷೀಯ ಚುನಾವಣೆಯನ್ನೇ ಬಳಸಿ, ಕನಿಷ್ಠ ಮೂರು ಸಲದ್ದು. ಸ್ಥಳೀಯ ಹುದ್ದೆಗಳಲ್ಲಿ ಎಷ್ಟೋ ಸಲ ಎದುರಾಳಿಯೇ ಇರುವುದಿಲ್ಲ, ಅಲ್ಲಿ ಸಿಗುವ ಶೇಕಡಾವಾರಿಗೆ ಅರ್ಥವಿಲ್ಲ. ಆದರೆ ಒಲವು ಎಷ್ಟು ಗಟ್ಟಿ ಎಂದು ನೋಡಲು ಸೆನೆಟ್ ಫಲಿತಾಂಶವನ್ನು ಪಕ್ಕಕ್ಕಿಟ್ಟುಕೊಳ್ಳಿ. 2024ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿದ ಇದೇ ಕೌಂಟಿ ಸೆನೆಟ್‌ಗೆ ಡೆಮಾಕ್ರಟಿಕ್ ಪಕ್ಷದ ರೂಬೆನ್ ಗ್ಯಾಲೆಗೊ ಅವರಿಗೆ ಮುನ್ನಡೆ ಕೊಟ್ಟಿತು. ಪಕ್ಷ ನೋಡದೆ ಅಭ್ಯರ್ಥಿ ನೋಡಿ ಮತ ಹಾಕುವವರು ಇಲ್ಲಿ ಫಲಿತಾಂಶ ತಿರುಗಿಸುವಷ್ಟಿದ್ದಾರೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಯಾವ ಪಕ್ಷದಲ್ಲಿ ಎಷ್ಟು ಜನ ನೋಂದಾಯಿಸಿದ್ದಾರೆ ಎಂದು ನೋಡಿದರೆ ಸಾಲದೇ?

ಉತ್ತರ: ಸಾಲದು. ಟೆಕ್ಸಾಸ್, ಜಾರ್ಜಿಯಾ, ಮಿಷಿಗನ್‌ನಂಥ ರಾಜ್ಯಗಳಲ್ಲಿ ಮತದಾರರ ನೋಂದಣಿಯಲ್ಲಿ ಪಕ್ಷದ ಹೆಸರೇ ಇರುವುದಿಲ್ಲ. ಇರುವ ಕಡೆಯೂ ಅದು ಹಳೆಯ ಒಲವಿನ ದಾಖಲೆ. ಕೆಂಟಕಿಯ ಎಲಿಯಟ್ ಕೌಂಟಿ 1869ರಲ್ಲಿ ರಚನೆಯಾದಾಗಿನಿಂದ 2012ರವರೆಗೆ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟು ಬೇರೆಯವರನ್ನು ಗೆಲ್ಲಿಸಿರಲಿಲ್ಲ. 2016ರಲ್ಲಿ ಟ್ರಂಪ್ ಗೆದ್ದರು, ಆದರೆ ನೋಂದಣಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಬಹುಮತ ಹಾಗೇ ಉಳಿದಿತ್ತು. ಕಾರಣ ಸರಳ. ಕೆಂಟಕಿಯ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆಯಲ್ಲಿ, ಆಯಾ ಪಕ್ಷದಲ್ಲಿ ನೋಂದಾಯಿಸಿದವರು ಮಾತ್ರ ಮತ ಹಾಕಬಹುದು. ಸ್ಥಳೀಯ ಹುದ್ದೆಗಳು ಡೆಮಾಕ್ರಟಿಕ್ ಪ್ರೈಮರಿಯಲ್ಲೇ ತೀರ್ಮಾನವಾಗುವ ಊರಲ್ಲಿ ಪಕ್ಷ ಬದಲಿಸಿದರೆ ಆ ಮತ ಕೈತಪ್ಪುತ್ತದೆ. ಮೇ ತಿಂಗಳ ಪ್ರೈಮರಿಗೆ ಪಕ್ಷ ಬದಲಿಸಬೇಕಾದರೆ ಹಿಂದಿನ ಡಿಸೆಂಬರ್ 31ರೊಳಗೇ ಬದಲಿಸಬೇಕು. ಅಷ್ಟು ಮುಂಚೆ ಯೋಚಿಸುವವರು ಕಡಿಮೆ.

ಪ್ರಶ್ನೆ: ಮತದಾನದ ರಾತ್ರಿ ಕಂಡ ಅಂತರ ಮುಂದಿನ ದಿನಗಳಲ್ಲಿ ಯಾಕೆ ಬದಲಾಗುತ್ತದೆ? ಯಾವ ಅಂಕಿ ನಂಬಬೇಕು?

ಉತ್ತರ: ಅರಿಜೋನಾದಲ್ಲಿ ಅಂಚೆ ಮತಪತ್ರವನ್ನು ಮತದಾನದ ದಿನ ಸಂಜೆ 7ರವರೆಗೆ ಸ್ವತಃ ತಂದು ಹಾಕಬಹುದು. ಮಾರಿಕೋಪಾದಲ್ಲಿ ಹೀಗೆ ಕೊನೆಯ ದಿನ ಬಂದು ಬೀಳುವ ಲಕೋಟೆಗಳು ರಾಶಿ ರಾಶಿ. ಲಕೋಟೆಗಳ ಸಹಿಯನ್ನು ದಾಖಲೆಯ ಸಹಿಯೊಂದಿಗೆ ತಾಳೆ ನೋಡಿದ ಮೇಲೆಯೇ ಎಣಿಕೆ, ಹಾಗಾಗಿ ದಿನಗಳು ಹಿಡಿಯುತ್ತವೆ. ತಡವಾಗಿ ಎಣಿಸಿದ ಮತಗಳು ಸದಾ ಒಂದೇ ಪಕ್ಷಕ್ಕೆ ಹೋಗುತ್ತವೆ ಎಂಬ ನಂಬಿಕೆ ತಪ್ಪು. ಅರಿಜೋನಾದಲ್ಲೇ 2018ರಲ್ಲಿ ಅವು ಡೆಮಾಕ್ರಟಿಕ್ ಪಕ್ಷದ ಸೆನೆಟ್ ಅಭ್ಯರ್ಥಿ ಕಿರ್ಸ್ಟನ್ ಸಿನೆಮಾ ಅವರನ್ನು ಹಿಂದಿನಿಂದ ಮುಂದಕ್ಕೆ ತಂದವು, 2020ರಲ್ಲಿ ಇಡೀ ರಾಜ್ಯದಲ್ಲಿ ಬೈಡನ್ ಮುನ್ನಡೆಯನ್ನು 10,457 ಮತಗಳಿಗೆ ಇಳಿಸಿದವು. ಅಧ್ಯಯನಕ್ಕೆ ಕೌಂಟಿ ದೃಢೀಕರಿಸಿದ ಅಂತಿಮ ಪಟ್ಟಿಯನ್ನಷ್ಟೇ ಬಳಸಿ.

ಪ್ರಿಸಿಂಕ್ಟ್ (ಕೌಂಟಿಯೊಳಗಿನ ಚಿಕ್ಕ ಮತದಾನ ವಲಯ) ಮಟ್ಟಕ್ಕೆ ಇಳಿಯುವವರಿಗೆ ಇನ್ನೊಂದು ತೊಡಕಿದೆ. ಕೆಲವು ಕಡೆ ಅಂಚೆ ಮತಗಳನ್ನು ಕೇಂದ್ರದಲ್ಲೇ ಎಣಿಸಿ ಒಟ್ಟು ಮೊತ್ತವಾಗಿಯೇ ಬಿಡುತ್ತಾರೆ, ಪ್ರಿಸಿಂಕ್ಟ್‌ಗಳಿಗೆ ಹಂಚುವುದಿಲ್ಲ. ಆಗ ನಿಮ್ಮ ಬೀದಿಯ ಅಂಕಿಯಲ್ಲಿ ಇರುವುದು ಮತಗಟ್ಟೆಗೆ ಹೋದವರು ಮಾತ್ರ. ಗಡಿಗಳೂ ಬದಲಾಗುತ್ತಿರುತ್ತವೆ. ಎರಡು ಚುನಾವಣೆ ಹೋಲಿಸುವ ಮುನ್ನ ಎರಡೂ ವರ್ಷದ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿ.

ಪ್ರಶ್ನೆ: ನಕ್ಷೆಯಲ್ಲಿ ಅಮೆರಿಕವೆಲ್ಲ ಕೆಂಪು. ಆದರೂ ಫಲಿತಾಂಶ ಇಷ್ಟು ಬಿಗಿ ಹೇಗೆ?

ಉತ್ತರ: ನಕ್ಷೆ ಬಣ್ಣಿಸುವುದು ನೆಲವನ್ನು. 2020ರ ಜನಗಣತಿಯಲ್ಲಿ ಟೆಕ್ಸಾಸ್‌ನ ಲವಿಂಗ್ ಕೌಂಟಿಯ ಜನಸಂಖ್ಯೆ 64, ಲಾಸ್ ಏಂಜಲೀಸ್ ಕೌಂಟಿಯದು ಒಂದು ಕೋಟಿ.

ಪ್ರಶ್ನೆ: ಸದಾ ಗೆದ್ದವರ ಕಡೆಗೇ ಇರುವ ಕೌಂಟಿಗಳಿವೆಯಂತೆ, ಅವನ್ನು ನೋಡಿ ಭವಿಷ್ಯ ಹೇಳಬಹುದೇ?

ಉತ್ತರ: ಬೇಡ. ಇಂಡಿಯಾನಾದ ವೀಗೋ ಕೌಂಟಿ 1956ರಿಂದ 2016ರವರೆಗೆ ಒಮ್ಮೆಯೂ ತಪ್ಪಿರಲಿಲ್ಲ, 2020ರಲ್ಲಿ ತಪ್ಪಿತು. 1980ರಿಂದ ಸರಿಯಾಗಿ ಹೇಳುತ್ತ ಬಂದ ವಾಷಿಂಗ್ಟನ್ ರಾಜ್ಯದ ಕ್ಲಾಲಮ್ 2024ರಲ್ಲಿ ಎಡವಿತು. ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿರುವಾಗ ಕೆಲವು ಬರೀ ಕಾಕತಾಳೀಯವಾಗಿ ದಶಕಗಟ್ಟಲೆ ಸರಿ ಹೇಳುತ್ತವೆ.