ಮಂಚದ ಕೆಳಗಿಂದ ಎಳೆಯಬೇಡಿ

ನೀವು ತಂದ ನಾಯಿ ಎರಡು ವಾರವಾದರೂ ಮಂಚದ ಕೆಳಗೇ ಇರುತ್ತದೆ, ಕೈ ಎತ್ತಿದರೆ ಮುದುಡಿಕೊಳ್ಳುತ್ತದೆ, ಎಲ್ಲರೂ ಮಲಗಿದ ಮೇಲಷ್ಟೇ ತಿನ್ನುತ್ತದೆ, ಹೊರಗೆ ಎಳೆದು ಅಭ್ಯಾಸ ಮಾಡಿಸಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಎಳೆಯಬೇಡಿ. ಸದ್ಯಕ್ಕೆ ಅದಕ್ಕೆ ಧೈರ್ಯ ಕೊಡುವ ಜಾಗ ಅದೊಂದೇ. ರಾತ್ರಿಯಾದರೂ ತಿನ್ನುತ್ತಿದೆ ಅಲ್ವಾ, ಅದು ಒಳ್ಳೆಯ ಲಕ್ಷಣ.

ದಿನಾ ಸ್ವಲ್ಪ ಹೊತ್ತು ಅದೇ ಕೋಣೆಯಲ್ಲಿ, ದೂರದಲ್ಲಿ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಸುಮ್ನೆ ಕುಳಿತುಕೊಳ್ಳಿ. ಕಣ್ಣಿಟ್ಟು ನೋಡಬೇಡಿ, ಮೇಲಿಂದ ಬಾಗಬೇಡಿ. ರುಚಿಯಾದ ತುಣುಕೊಂದನ್ನು ಅದರ ಕಡೆ ಮೆಲ್ಲಗೆ ಎಸೆಯಿರಿ. ಹತ್ತಿರ ಬಂದರೂ ಮುಟ್ಟಲು ಆತುರ ಬೇಡ. ತಾನಾಗಿ ಬಂದು ಮೂಸಲಿ, ಬೇಡವೆಂದರೆ ಹಿಂದೆ ಹೋಗಲಿ. ಹೀಗೆ ಹೋಗಲು ಬಿಟ್ಟಾಗಲೇ ನಂಬಿಕೆ ಬೆಳೆಯುವುದು. ಪದೇ ಪದೇ ತುಟಿ ನೆಕ್ಕಿದರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಮುಖ ತಿರುಗಿಸಿದರೆ ಅದಕ್ಕೆ ಕಷ್ಟವಾಗುತ್ತಿದೆ ಎಂದರ್ಥ, ನೀವು ಇನ್ನಷ್ಟು ದೂರ ಸರಿಯಿರಿ. ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಎಂಬ ಮಾತು ನಂಬಬೇಡಿ. ಭಯವನ್ನು ಹೆಚ್ಚಿಸುವುದು ಗದರಿಕೆ ಮತ್ತು ಹೊಡೆತ.

ಊಟ, ಹೊರಗೆ ಕರೆದೊಯ್ಯುವ ಹೊತ್ತು ದಿನಾ ಒಂದೇ ಇರಲಿ. ನೆಂಟರನ್ನು ಸದ್ಯಕ್ಕೆ ದೂರವಿಡಿ. ಹೊರಗೆ ಹೋಗುವಾಗ ಕಾಲರ್ ಜೊತೆ ಮೈಗೆ ಸರಿಯಾಗಿ ಕೂರುವ ಹಾರ್ನೆಸ್ (ಎದೆ ಸುತ್ತ ಹಾಕುವ ಪಟ್ಟಿ) ಕೂಡ ಹಾಕಿ, ಹೆದರಿದ ನಾಯಿ ಕ್ಷಣದಲ್ಲಿ ತಪ್ಪಿಸಿಕೊಳ್ಳುತ್ತದೆ.

ಒಮ್ಮೆ ಪಶುವೈದ್ಯರಿಗೆ ತೋರಿಸಿ. ಹಲ್ಲು, ಕಿವಿ, ಕೀಲಿನ ನೋವಿದ್ದರೂ ಮುಟ್ಟಿದಾಗ ನಾಯಿಗಳು ಹೀಗೇ ಹೆದರುತ್ತವೆ. ತಿನ್ನುವುದನ್ನೇ ಬಿಟ್ಟರೆ ಕಾಯಬೇಡಿ. ಭಯ ತೀರಾ ಹೆಚ್ಚಿದ್ದರೆ ಆತಂಕ ತಗ್ಗಿಸುವ ಔಷಧಿಯನ್ನೂ ಅವರೇ ಕೊಡುತ್ತಾರೆ, ಅದಕ್ಕೆ ಹಿಂಜರಿಯಬೇಡಿ.