ನಿಮ್ಮ ಸ್ಟಾಲಿನ್ ಲೇಖನದ ಬಗ್ಗೆ

ನಮಸ್ಕಾರ. ಸ್ಟಾಲಿನ್‌ನ ಸಂಶಯಬುದ್ಧಿ ಮತ್ತು ಅವನ ಕೊನೆಯ ದಿನಗಳ ಮೇಲೆ ನೀವು ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ವಿಷಯ ಗಟ್ಟಿಯಾಗಿದೆ, ಕೈಬಿಡಬಾರದು ಅನಿಸಿದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲೇ ಅವನನ್ನು ‘ಕ್ರೂರಿ’, ‘ವಿಕ್ಷಿಪ್ತ’, ‘ಸಂಶಯಪಿಶಾಚಿ’ ಎಂದೆಲ್ಲ ಕರೆದಿದ್ದೀರಿ. ಹುಚ್ಚ ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಆ ಸಂಶಯ ಯಾರ್ಯಾರ ಕೈಕಾಲು ಕಟ್ಟಿತು, ಕೊನೆಗೆ ಅವನ ಬುಡಕ್ಕೇ ಹೇಗೆ ಬಂತು ಎನ್ನುವುದು ಓದುಗರಿಗೆ ಬೇಕು.

‘1953ರ ಮಾರ್ಚ್ 1ರಂದು ಪಾರ್ಶ್ವವಾಯು ಬಡಿದು, 5ರಂದು ತೀರಿಕೊಂಡ’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. ನಿಮ್ಮ ಲೇಖನದ ಜೀವ ಆ ಅಲ್ಪವಿರಾಮದಲ್ಲಿದೆ. ಅದನ್ನು ಬಿಡಿಸಿ. ಮಾಸ್ಕೋ ಹೊರವಲಯದ ಕುಂತ್ಸೆವೊ ಬಂಗಲೆ. ಹಿಂದಿನ ರಾತ್ರಿ ಆಪ್ತ ವಲಯದ ನಾಯಕರಾದ ಬೆರಿಯಾ, ಮಲೆಂಕೋವ್, ಕ್ರುಶ್ಚೇವ್, ಬುಲ್ಗಾನಿನ್ ಜೊತೆ ಬೆಳಗಿನ ಜಾವದವರೆಗೂ ಊಟ, ಕುಡಿತ. ಮಧ್ಯಾಹ್ನ ಕಳೆದರೂ ಕೋಣೆಯಲ್ಲಿ ಸದ್ದಿಲ್ಲ. ಕರೆಯದೆ ಒಳಗೆ ಕಾಲಿಡುವ ಧೈರ್ಯ ಯಾರಿಗೂ ಇಲ್ಲ. ಸಂಜೆ ದೀಪ ಹೊತ್ತಿದಾಗ ಕಾವಲುಗಾರರಿಗೆ ಹೋದ ಜೀವ ಬಂದಂತಾಯಿತು, ಆದರೆ ಮತ್ತೆ ಅದೇ ನಿಶ್ಶಬ್ದ. ನೀನು ಹೋಗು, ನೀನು ಹೋಗು ಎನ್ನುತ್ತಲೇ ರಾತ್ರಿ ಹತ್ತು ದಾಟಿತು. ಕೊನೆಗೆ ಟಪಾಲು ಕೊಡುವ ನೆಪದಲ್ಲಿ ಲೊಜ್ಗಚೇವ್ ಎಂಬ ಕಾವಲುಗಾರ ಒಳಹೋದ. ಸ್ಟಾಲಿನ್ ನೆಲದ ಮೇಲೆ ಬಿದ್ದಿದ್ದ, ಬಟ್ಟೆ ಒದ್ದೆಯಾಗಿತ್ತು, ಮಾತು ಹೊರಡುತ್ತಿರಲಿಲ್ಲ. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ.

ದಯವಿಟ್ಟು ಆ ಕಾವಲುಗಾರರನ್ನು ಹೇಡಿಗಳು ಎನ್ನಬೇಡಿ. ವರ್ಷಗಟ್ಟಲೆ ಅವರ ಮೇಲಧಿಕಾರಿಯಾಗಿದ್ದ ವ್ಲಾಸಿಕ್‌ನನ್ನು ಹಿಂದಿನ ಡಿಸೆಂಬರಿನಲ್ಲಷ್ಟೇ ಬಂಧಿಸಲಾಗಿತ್ತು. ಸ್ಟಾಲಿನ್‌ನ ನಾಡಿ ಬಲ್ಲ ವೈದ್ಯ ವಿನೊಗ್ರಾದೋವ್ ಕೂಡ ಸೆರೆಯಲ್ಲಿದ್ದ. ಹೆಸರಾಂತ ವೈದ್ಯರೇ ಸೋವಿಯತ್ ನಾಯಕರನ್ನು ಕೊಲ್ಲಲು ಸಂಚು ಹೂಡಿದ್ದಾರೆ ಎಂದು ಜನವರಿ 13ರಂದು ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಪ್ರಾವ್ಡಾ’ ಬರೆದಿತ್ತು. ಆ ವೈದ್ಯರಲ್ಲಿ ಹೆಚ್ಚಿನವರು ಯಹೂದಿಗಳು. ಇಂಥ ಹೊತ್ತಿನಲ್ಲಿ ಆ ಮೈ ಮುಟ್ಟಬೇಕಾಗಿ ಬಂದ ಹೊಸ ವೈದ್ಯರ ಕೈ ನಡುಗದೆ ಇರುತ್ತದೆಯೇ? ನೀವು ಇದನ್ನು ಬರೆಯಲೇಬೇಕು.

1937-38ರಲ್ಲಿ ಸ್ಟಾಲಿನ್ ತನ್ನವರ ಮೇಲೇ ನಡೆಸಿದ ದಮನದ ಭಾಗಕ್ಕೆ ನಾಲ್ಕು ಪುಟ ಹೆಚ್ಚಾಯಿತು. ಸೋವಿಯತ್ ಸೇನೆಯ ಅತ್ಯುನ್ನತ ದರ್ಜೆಯ ಐವರು ಮಾರ್ಷಲ್‌ಗಳಲ್ಲಿ ಮೂವರು ಆ ದಮನಕ್ಕೆ ಬಲಿಯಾದರು, ಅವರಲ್ಲೊಬ್ಬನಾದ ತುಖಾಚೆವ್ಸ್ಕಿಯನ್ನು 1937ರ ಜೂನ್‌ನಲ್ಲಿ ಗುಂಡಿಟ್ಟು ಕೊಂದರು ಎಂದಿಷ್ಟು ಹೇಳಿ ನೇರ 1941ಕ್ಕೆ ಬನ್ನಿ. ಹಿಟ್ಲರ್ ದಾಳಿ ಮಾಡಲಿದ್ದಾನೆಂದು ತನ್ನ ಗೂಢಚಾರರೇ ಮತ್ತೆ ಮತ್ತೆ ಎಚ್ಚರಿಸಿದರೂ ಅವನು ಅವರನ್ನೇ ಅನುಮಾನಿಸಿದ. ಜೂನ್ 22ರ ನಸುಕಿನಲ್ಲಿ ಅದರ ಬೆಲೆ ತೆತ್ತವರು ಗಡಿಯಲ್ಲಿದ್ದ ಸಾಮಾನ್ಯ ಸೈನಿಕರು.

ಕೊನೆಯ ಭಸ್ಮಾಸುರನ ಹೋಲಿಕೆ ತೆಗೆಯಿರಿ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ. ಇಲ್ಲಿ ಸಕಾಲಕ್ಕೆ ಯಾರೂ ಕೈ ಹಚ್ಚಲಿಲ್ಲ.

ಅದರ ಜಾಗದಲ್ಲಿ ನೀವು ಬಿಟ್ಟ ಸಂಗತಿಯೊಂದನ್ನು ಸೇರಿಸಿ: ಅವನು ಸತ್ತು ತಿಂಗಳು ತುಂಬುವ ಮೊದಲೇ, ಏಪ್ರಿಲ್ 4ರಂದು, ಸಂಚಿನ ಆರೋಪ ಹೊತ್ತಿದ್ದ ಆ ವೈದ್ಯರು ನಿರಪರಾಧಿಗಳೆಂದು ಸರ್ಕಾರವೇ ಪ್ರಕಟಿಸಿತು. ತಿದ್ದಿದ ಪ್ರತಿಯನ್ನು ನನಗೇ ನೇರವಾಗಿ ಕಳಿಸಿ.