ತೆಗೆಯಬೇಕಾದದ್ದು ಆಫ್‌ಸೈಡ್ ಅಲ್ಲ, ಕಾಲಹರಣ

ಗೋಲುಗಳು ಹೆಚ್ಚಿ ಫುಟ್‌ಬಾಲ್ ರಂಜನೀಯವಾಗಲು ಆಫ್‌ಸೈಡ್ ನಿಯಮವನ್ನೇ ಏಕೆ ಕೈಬಿಡಬಾರದು ಎಂದು ನೀವು ಕೇಳಿದ್ದೀರಿ. ಸಹ ಆಟಗಾರ ಚೆಂಡನ್ನು ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧಭಾಗದಲ್ಲಿ ಚೆಂಡಿಗಿಂತಲೂ ಎದುರಾಳಿಗಳ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರ ನಿಂತವನು ಆ ಚೆಂಡನ್ನು ಆಡಬಾರದು ಎಂಬುದೇ ಆ ನಿಯಮ. ನಿಯಮಗಳು ಬದಲಾಗಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮೊದಲು ತೊಲಗಬೇಕಾದದ್ದು ಕಾಲಹರಣ.

1990ರ ಇಟಲಿ ವಿಶ್ವಕಪ್‌ನ 52 ಪಂದ್ಯಗಳಲ್ಲಿ ಬಂದದ್ದು 115 ಗೋಲುಗಳು ಮಾತ್ರ. ಆಗ ಮುನ್ನಡೆ ಪಡೆದ ತಂಡದ ರಕ್ಷಣಾ ಆಟಗಾರನು ಚೆಂಡನ್ನು ಗೋಲ್‌ಕೀಪರ್‌ಗೆ ಹಿಂದಕ್ಕೆ ತಳ್ಳುವುದು, ಆತ ಅದನ್ನು ಕೈಗೆತ್ತಿಕೊಂಡು ನಿಧಾನವಾಗಿ ಉರುಳಿಸುವುದು, ಅದು ಮತ್ತೆ ಅವನ ಕೈಗೇ ಮರಳುವುದು, ಹೀಗೆ ಹೊತ್ತು ಕಳೆಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಸಹ ಆಟಗಾರನು ಬೇಕೆಂದೇ ಒದ್ದುಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂಬ ನಿಯಮ 1992ರಲ್ಲಿ ಬಂದ ಮೇಲೆ ಎದುರಾಳಿಗಳಿಗೆ ಮುನ್ನುಗ್ಗಿ ಒತ್ತಡ ಹೇರುವ ಆಸೆ ಹುಟ್ಟಿತು, ಗೋಲ್‌ಕೀಪರ್‌ಗಳು ಕಾಲ್ಚಳಕ ಕಲಿಯಲೇಬೇಕಾಯಿತು. ಇಂದಿನ ವೇಗದ ಆಟಕ್ಕೆ ಇದೇ ದೊಡ್ಡ ಕಾರಣವೆಂಬುದು ನನ್ನ ದೃಢ ಅಭಿಪ್ರಾಯ.

ಆಫ್‌ಸೈಡ್ ಇಲ್ಲದಿದ್ದರೆ ಇಬ್ಬರು ಎತ್ತರದ ಆಟಗಾರರು ಗೋಲಿನ ಮುಂದೆಯೇ ಬೀಡುಬಿಡುತ್ತಾರೆ, ಅವರನ್ನು ಕಾಯುವವರೂ ಅಲ್ಲೇ ನಿಲ್ಲುತ್ತಾರೆ, ಚೆಂಡು ಎಲ್ಲರ ತಲೆಯ ಮೇಲೆ ಹಾರುತ್ತಿರುತ್ತದೆ. ಮೈದಾನದ ನಡುವೆ ಹೆಣೆಯುವ ಪಾಸುಗಳಿಗೆ ಬೆಲೆಯೇ ಉಳಿಯದು. ಕಾಲಹರಣದ ವಿಷಯಕ್ಕೆ ಬಂದರೆ, ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಚೆಂಡನ್ನು ಕೈಯಲ್ಲಿ ಹಿಡಿದಿಟ್ಟರೆ ಎದುರಾಳಿಗೆ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಅವಕಾಶ) ಕೊಡುವ 2025ರ ನಿಯಮ ಸರಿಯಾದ ದಾರಿಯಲ್ಲಿದೆ. ಇದರ ಜೊತೆಗೆ, ತಂಡಕ್ಕೆ ಐವರಂತೆ ಆಡುವ ಒಳಾಂಗಣ ಫುಟ್‌ಬಾಲ್ ಆದ ಫುಟ್ಸಾಲ್‌ನಲ್ಲಿರುವಂತೆ ಚೆಂಡು ಹೊರಹೋದಾಗ ಗಡಿಯಾರ ನಿಲ್ಲಿಸುವ ಪದ್ಧತಿಯೂ ಬರಬೇಕೆಂದು ನಾನು ಬಯಸುತ್ತೇನೆ.